ಡೆಸ್ಕು ಕುಟ್ಟುವ ಹೊತ್ತು

ಹನ್ನೊಂದು, ಹನ್ನೆರಡರ ವಯಸ್ಸಿನ ಮಕ್ಕಳಿಗೆ ದೇವರುಗಳ ಮೇಲೆ ಬೇಗ ಸಿಟ್ಟು ಬರುತ್ತದೆ. ಅವರಿಗಿಂತ ಚಿಕ್ಕವರು ಕಥೆಯನ್ನು ಹೇಳಿದ ಹಾಗೇ ನಂಬುತ್ತಾರೆ. ಹದಿನೈದು ದಾಟಿದವರು ಯಾವುದಕ್ಕೂ ಹುಬ್ಬು ಕೂಡ ಎತ್ತುವುದಿಲ್ಲ. ನಡುವಿನ ಈ ಎರಡು ಮೂರು ವರ್ಷ ಮಾತ್ರ ಪ್ರತಿ ಮಗುವಿನೊಳಗೂ ಒಬ್ಬ ನ್ಯಾಯಾಧೀಶ ಕೂತಿರುತ್ತಾನೆ. ಮನೆಯಲ್ಲಿ ತಮ್ಮನಿಗೆ ಸಿಕ್ಕ ದೊಡ್ಡ ಪಾಲಿನಿಂದ ಹಿಡಿದು ಒಬ್ಬ ಮಾತಾಡಿದ್ದಕ್ಕೆ ಇಡೀ ಕ್ಲಾಸಿಗೆ ಬಿದ್ದ ಶಿಕ್ಷೆಯವರೆಗೆ ಎಲ್ಲದಕ್ಕೂ ತೀರ್ಪು ಸಿದ್ಧ. ಗ್ರೀಕ್ ಪುರಾಣ ಹೇಳಬೇಕಾದ್ದು ಇವರಿಗೇ. ನೇಯ್ಗೆಯ ಪಂದ್ಯದಲ್ಲಿ ಅರಾಕ್ನಿಯ ಬಟ್ಟೆಯಲ್ಲಿ ಅಥೀನಾಳಿಗೆ ಒಂದು ಎಳೆಯ ತಪ್ಪೂ ಸಿಗಲಿಲ್ಲ, ಅದಕ್ಕೇ ಸಿಟ್ಟಾಗಿ ಬಟ್ಟೆ ಹರಿದಳು, ಕೊನೆಗೆ ಹುಡುಗಿಯನ್ನು ಜೇಡ ಮಾಡಿದಳು ಎಂದು ಹೇಳಿ ಸುಮ್ಮನೆ ನಿಂತರೆ ಸಾಕು. ಹಿಂದಿನ ಸಾಲಿನಿಂದ ಒಬ್ಬಳು ಏಳುತ್ತಾಳೆ: "ಹಾಗಾದ್ರೆ ಗೆದ್ದದ್ದು ಅರಾಕ್ನಿ ಅಲ್ವಾ ಮಿಸ್?" ಆಮೇಲಿನ ಅರ್ಧ ಗಂಟೆ ನನ್ನ ಕೈಯಲ್ಲಿ ಇರುವುದಿಲ್ಲ. ಇರಬಾರದು ಕೂಡ.

ನಾನಿರುವ ರೆಡ್‌ವುಡ್ ಸಿಟಿ ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವೆ, ಕ್ಯಾಲ್‌ಟ್ರೇನ್ ಹಾದಿಯಲ್ಲಿರುವ ಊರು. ಕ್ಯಾಲಿಫೋರ್ನಿಯಾದಲ್ಲಿ ಆರನೇ ತರಗತಿಯ ಸಮಾಜ ಪಾಠ ಎಂದರೆ ಒಂದೇ ವರ್ಷದಲ್ಲಿ ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್ ಎಲ್ಲವನ್ನೂ ಮುಗಿಸುವ ಓಟ. ಪಾಪ, ಟೀಚರುಗಳಿಗೆ ಹೋಮರನ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ? ಆ ಪುರುಸೊತ್ತು ನನಗಿದೆ. ಶಾಲೆ ಬಿಟ್ಟ ಮೇಲೆ ವಾರಕ್ಕೊಂದು ತಾಸು, ಪರೀಕ್ಷೆಯಿಲ್ಲದ, ಅಂಕವಿಲ್ಲದ ತರಗತಿ. ಮಕ್ಕಳು ಮೊದಮೊದಲು ಬರುವುದು ಅಲ್ಲಿ ಕೊಡುವ ಚಿಪ್ಸಿಗೆ ಎನ್ನುವುದು ನನಗೆ ಗೊತ್ತು. ಗ್ರೀಕರಲ್ಲೂ ಬಲಿ ಕೊಟ್ಟ ಎತ್ತಿನ ಮಾಂಸ ನೆರೆದವರ ಹೊಟ್ಟೆಗೇ ಹೋಗುತ್ತಿತ್ತು, ದೇವರಿಗೆ ಸಿಗುತ್ತಿದ್ದದ್ದು ಮೂಳೆ ಮತ್ತು ಹೊಗೆ. ಹಾಗಾಗಿ ನನ್ನದೇನೂ ತಕರಾರಿಲ್ಲ.

ಪರ್ಸೆಫೊನಿಯ ಕಥೆಯನ್ನು ಮಾರ್ಚ್ ತಿಂಗಳಿಗೆಂದೇ ಉಳಿಸಿಕೊಂಡಿರುತ್ತೇನೆ. ಹೂ ಕೊಯ್ಯುತ್ತಿದ್ದ ಹುಡುಗಿಯನ್ನು ಪಾತಾಳದೊಡೆಯ ಹೇಡೀಸ್ ರಥದಲ್ಲಿ ಹೊತ್ತುಕೊಂಡು ಹೋದ. ಅವಳ ತಾಯಿ ಡಿಮೀಟರ್ ಪೈರಿನ ದೇವತೆ. ಮಗಳಿಲ್ಲದೆ ನೆಲದಲ್ಲಿ ಒಂದು ಕುಡಿಯೂ ಏಳದ ಹಾಗೆ ಮಾಡಿದಳು. ಕೊನೆಗೆ ಝ್ಯೂಸ್ ಮಣಿದ. ಅಷ್ಟರಲ್ಲಿ ಹುಡುಗಿ ಅಲ್ಲಿಯ ದಾಳಿಂಬೆ ತಿಂದಾಗಿತ್ತು, ಪಾತಾಳದ ಅನ್ನ ತಿಂದವರು ಪೂರ್ತಿ ಬಿಡುಗಡೆಯಾಗುವ ಹಾಗಿಲ್ಲ. ಹೋಮರನ ಹೆಸರಿನಲ್ಲಿ ಉಳಿದಿರುವ ಹಳೆಯ ಸ್ತೋತ್ರದಲ್ಲಿ ತಿಂದದ್ದು ಒಂದು ಕಾಳು, ಪಾತಾಳವಾಸ ವರ್ಷದ ಮೂರನೇ ಒಂದು ಪಾಲು. ರೋಮಿನ ಓವಿಡ್ ಬರೆಯುವ ಹೊತ್ತಿಗೆ ಕಾಳು ಏಳಾಗಿ ವಾಸ ಅರ್ಧ ವರ್ಷಕ್ಕೆ ಏರಿತು. ನನ್ನ ನ್ಯಾಯಾಧೀಶರು ಸುಮ್ಮನಿರುತ್ತಾರೆಯೇ? ತಿನ್ನುವ ಮೊದಲು ಅವಳಿಗೆ ನಿಯಮ ಹೇಳಿದ್ದರಾ, ಹಸಿದವರು ತಿಂದದ್ದು ಒಪ್ಪಿಗೆ ಹೇಗಾಗುತ್ತದೆ, ಅವಳನ್ನು ಯಾರಾದರೂ ಕೇಳಿದರಾ.

ಇದಾದ ಮೇಲೆ ಬರುವುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಘಳಿಗೆ. ಚಿತ್ರದ ಪುಸ್ತಕಗಳಲ್ಲಿ ಮಗಳು ಕೆಳಗಿರುವಾಗ ಚಳಿಗಾಲ, ಬೋಳು ಮರ, ಹಿಮ. ಮೇಲೆ ಬಂದಾಗ ಹಸಿರು. ಮಕ್ಕಳು ಕಿಟಕಿಯಿಂದ ಆಚೆ ನೋಡುತ್ತಾರೆ. ನಮ್ಮಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ಜನವರಿಗೆ ಗುಡ್ಡಗಳೆಲ್ಲ ಹಸಿರು, ಮಾರ್ಚ್ ಏಪ್ರಿಲ್‌ನಲ್ಲಿ ಊರಂಚಿನ ಎಡ್ಜ್‌ವುಡ್ ಪಾರ್ಕಿನ ಇಳಿಜಾರಿನಲ್ಲಿ ಕಾಡುಹೂವಿನ ಜಾತ್ರೆ, ಜೂನ್ ಬಂತೆಂದರೆ ಅದೇ ಹುಲ್ಲು ಒಣಗಿ ಬಣವೆಯ ಬಣ್ಣ. ಬ್ರಾಡ್‌ವೇ ರಸ್ತೆಗೆ ಅಡ್ಡಲಾಗಿ ನಿಂತ ಕಮಾನಿನ ಮೇಲೆ ನಮ್ಮೂರಿನ ಹವೆಯೇ ಅತ್ಯುತ್ತಮ ಎಂದು ಸರ್ಕಾರವೇ ಪರೀಕ್ಷಿಸಿ ಹೇಳಿದೆ ಎಂಬ ಬೋರ್ಡು ಬೇರೆ ಇದೆ. "ಪುಸ್ತಕ ತಪ್ಪು ಮಿಸ್" ಎಂದು ತೀರ್ಪು ಬರುತ್ತದೆ. ನಾನು ಕಾಯುವುದು ಇದಕ್ಕೇ. ಗ್ರೀಸಿನ ಹವೆಯೂ ಇದೇ ಜಾತಿಯದು: ಮಳೆಯ ಚಳಿಗಾಲ, ಒಣ ಬೇಸಿಗೆ. ಮಾರ್ಟಿನ್ ನಿಲ್ಸನ್ ಎಂಬ ಸ್ವೀಡನ್ನಿನ ವಿದ್ವಾಂಸ ಹಿಂದೆಯೇ ಈ ಎಳೆ ಹಿಡಿದಿದ್ದ. ಬೇಸಿಗೆಯ ಮೊದಲು ಕೊಯ್ದ ಕಾಳನ್ನು ನೆಲದೊಳಗಿನ ಕಣಜದಲ್ಲಿ ಮುಚ್ಚಿಡುತ್ತಿದ್ದರು, ಮಳೆಯ ಮುಂಚೆ ಬಿತ್ತನೆಗೆ ತೆಗೆಯುತ್ತಿದ್ದರು, ಆ ಬೀಜವೇ ಪರ್ಸೆಫೊನಿ ಎಂದು ಅವನ ವಾದ. ಸ್ತೋತ್ರದಲ್ಲೇನೋ ಅವಳು ವಸಂತದ ಹೂಗಳೊಂದಿಗೆ ಮೇಲೆ ಬರುತ್ತಾಳೆಂದಿದೆ, ಆದ್ದರಿಂದ ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ಇದನ್ನು ಓದಿದಾಗ ಕಣ್ಣ ಮುಂದೆ ಬಂದದ್ದು ನಮ್ಮ ಕಡೆಯ ಹಗೇವು. ಅಜ್ಜನ ಮನೆಯ ಅಂಗಳದಲ್ಲಿ ಬಾಯಿಗೆ ಚಪ್ಪಡಿ ಮುಚ್ಚಿಕೊಂಡು ಜೋಳ ತುಂಬಿಕೊಂಡಿದ್ದ ಹಗೇವು. ಅದನ್ನು ಬೋರ್ಡಿನ ಮೇಲೆ ಅಡ್ಡಕೊಯ್ದು ಬರೆದು ತೋರಿಸಿದರೆ ಮಕ್ಕಳಿಗೆ ಹೇಡೀಸನ ಅರಮನೆ ತಟ್ಟನೆ ಅರ್ಥವಾಗುತ್ತದೆ. ಒಳಗಿನ ಗಾಳಿ ಕೆಟ್ಟು ಇಳಿದವರ ಉಸಿರು ಕಟ್ಟುವುದೂ ಉಂಟು ಎಂದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಈ ಊರಿನಲ್ಲಿ ಮೆಕ್ಸಿಕೋದ ಮಿಚೊಆಕಾನ್ ಸೀಮೆಯಿಂದ, ಅದರಲ್ಲೂ ಅಗಿಲಿಯಾ ಎಂಬ ಒಂದೇ ಊರಿನಿಂದ ಬಂದು ನೆಲೆಸಿದ ಮನೆಗಳು ಬಹಳ. ಮೀಡಿಯಾ ತನ್ನ ಮಕ್ಕಳನ್ನೇ ಕೊಂದ ಕಥೆಗೆ ಬಂದರೆ ಆ ಮಕ್ಕಳಿಗೆ ಪೀಠಿಕೆ ಬೇಕಾಗುವುದಿಲ್ಲ. "ಇದು ಲಾ ಯೊರೋನಾ, ನಮ್ಮಜ್ಜಿ ಹೇಳ್ತಾಳೆ" ಎನ್ನುತ್ತಾರೆ. ಮಕ್ಕಳನ್ನು ನೀರಿಗೆ ತಳ್ಳಿ ಹೊಳೆದಂಡೆಯಲ್ಲಿ ಅಳುತ್ತ ಅಲೆಯುವ ಹೆಣ್ಣು ಅವರ ಮನೆಮಾತು. ಅಜ್ಜಿಯ ಕಥೆಯಲ್ಲಿ ಅಳು ಉಂಟು, ಯೂರಿಪಿಡೀಸನ ನಾಟಕದಲ್ಲಿ ಅವಳು ಸೂರ್ಯನ ರಥವೇರಿ ಪಾರಾಗುತ್ತಾಳೆ. ಯಾವುದು ಹೆಚ್ಚು ಭಯ ಎಂಬ ಜಗಳಕ್ಕೆ ಆ ತಾಸು ಸಾಕಾಗುವುದಿಲ್ಲ.

ಭಾರತದ ಪಾಠವೂ ಅದೇ ವರ್ಷ ಬರುವುದರಿಂದ ಅಕಿಲೀಸನ ಹಿಮ್ಮಡಿ ಕೇಳಿದೊಡನೆ ನಮ್ಮ ಮಕ್ಕಳ್ಯಾರಾದರೂ ದುರ್ಯೋಧನನ ತೊಡೆ ನೆನೆಯುತ್ತಾರೆ. ತಾಯಿ ಗಾಂಧಾರಿ ಕಣ್ಣಪಟ್ಟಿ ಬಿಚ್ಚಿ ನೋಡಿದಾಗ ಬಟ್ಟೆ ಮರೆಯಾಗಿಸಿದ ಜಾಗವೊಂದು ವಜ್ರವಾಗದೆ ಉಳಿಯಿತಲ್ಲ! ಈ ಜೋಡಿಯ ಸೊಗಸು ಬೇರೆ ಇದೆ. ಹಿಮ್ಮಡಿಯ ಕಥೆ ಇಲಿಯಡ್‌ನಲ್ಲಿ ಇಲ್ಲ; ಸ್ಟಿಕ್ಸ್ ನದಿಯಲ್ಲಿ ಮಗುವನ್ನು ಅದ್ದಿದ ಪ್ರಸಂಗ ನಮಗೆ ಸಿಗುವುದು ಒಂದನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಗಾಂಧಾರಿಯ ನೋಟದ ಕಥೆಯೂ ವ್ಯಾಸಭಾರತದ ಸಂಶೋಧಿತ ಪಾಠದಲ್ಲಿಲ್ಲ. ಎರಡೂ ಕಡೆ ಜನ ಕವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ವೀರನ ಮೈಯಲ್ಲಿ ಒಂದು ಮೆತ್ತನೆ ಜಾಗ ಹುಡುಕಿದ್ದಾರೆ. ಇಲಿಯಡ್‌ನಲ್ಲಿ ಮರದ ಕುದುರೆಯೂ ಇಲ್ಲ, ಅದು ಹೆಕ್ಟರನ ಅಂತ್ಯಕ್ರಿಯೆಗೇ ಮುಗಿಯುತ್ತದೆ ಎಂದಾಗ ಮಾತ್ರ ಮಕ್ಕಳು ಮೋಸಹೋದವರಂತೆ ನನ್ನನ್ನು ನೋಡುತ್ತಾರೆ.

ನನಗೆ ಗ್ರೀಕರ ಪರಿಚಯವಾದದ್ದು ಇಂಗ್ಲಿಷಿನಿಂದಲ್ಲ, ಬಿ.ಎಂ.ಶ್ರೀ. ಅವರಿಂದ. ಸೊಫೊಕ್ಲೀಸನ ಏಜಾಕ್ಸನನ್ನು ಅವರು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಚಿರಂಜೀವಿಯೆಂದು ನಾವು ನಂಬಿದವನನ್ನೇ ರಂಗದ ಮೇಲೆ ಸಾಯಿಸಿ ಬೈಸಿಕೊಂಡರು. 1935ರಲ್ಲಿ ಈಸ್ಕಿಲಸನ 'ಪಾರಸಿಕರು' ತಂದರು. ಆಮೇಲೆ ಲಂಕೇಶರ ಈಡಿಪಸ್ ಬಂತು, ಅಂತಿಗೊನೆ ಬಂತು. ಕನ್ನಡದಲ್ಲಿ ಮೊದಲು ಕೇಳಿದ್ದಕ್ಕೋ ಏನೋ, ಈ ಜನ ನನಗೆ ಎಂದೂ ಪರದೇಶಿಗಳೆನಿಸಿಲ್ಲ.

ಪದ್ಯದ ದಿನ ಡೆಸ್ಕು ಕುಟ್ಟುವ ದಿನ. ಹೋಮರನ ಸಾಲಿನಲ್ಲಿ ಆರು ಗಣ, ಮೂಲ ಗಣಕ್ಕೆ ಒಂದು ಗುರು ಎರಡು ಲಘು: ಅಂದರೆ ನಮ್ಮ ಭಗಣ. ಬೇಕಾದಲ್ಲಿ ಎರಡು ಲಘು ಸೇರಿ ಒಂದು ಗುರುವಾಗಬಹುದು, ಐದನೆಯದು ಸಾಮಾನ್ಯವಾಗಿ ಭಗಣವಾಗಿಯೇ ಉಳಿಯುತ್ತದೆ, ಆರನೆಯದು ಎರಡೇ ಅಕ್ಷರಕ್ಕೆ ನಿಲ್ಲುತ್ತದೆ. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಮೇಲೆ, ಗ್ರೀಕ್ ಪದ್ಯ ಅಕ್ಷರದ ಉದ್ದಗಿಡ್ಡದ ಮೇಲೆ. ಆ ಉದ್ದಗಿಡ್ಡ ಇಲ್ಲಿಯವರ ಕಿವಿಗೆ ಸುಲಭವಾಗಿ ಬೀಳುವುದಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಹಾಕಿ ಬೆರಳು ಸವೆಸಿದ ನಮಗೆ ಅದು ಹುಟ್ಟುಗುಣ. ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲು: ಚಿಹ್ನೆಗಳೂ ಹೆಚ್ಚುಕಮ್ಮಿ ಅವೇ. ಗುರುವಿಗೆ ಅಂಗೈ, ಲಘುವಿಗೆ ಎರಡು ಬೆರಳು. ಮೂವತ್ತು ಕೈ ಒಟ್ಟಿಗೆ ಕುಟ್ಟಿದರೆ ಕುದುರೆಯ ನಾಗಾಲೋಟವೇ ಕೋಣೆಯೊಳಗೆ ನುಗ್ಗಿದಂತಾಗಿ ಪಕ್ಕದ ಕೋಣೆಯ ಟೀಚರು ಬಾಗಿಲಲ್ಲಿ ಮುಖ ತೋರಿಸುತ್ತಾರೆ.

ಆ ತಾಳ ಕೈಗೆ ಹತ್ತಿದ ಮೇಲೆ ವಿಶೇಷಣಗಳ ಗುಟ್ಟು ಹೇಳಬಹುದು. ಅಕಿಲೀಸ್ ಕೂತಿದ್ದರೂ ವೇಗದ ಕಾಲಿನವನೇ, ಯಾಕೆ? 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಹಾಡುಗಾರರನ್ನು ಧ್ವನಿಮುದ್ರಿಸಿ ತೋರಿಸಿದ: ಓದುಬರಹ ಬೇಡದೆ ಸಾವಿರಾರು ಸಾಲು ಕಟ್ಟುವವನಿಗೆ ಸಾಲಿನ ಅಳತೆಗೆ ಸರಿಯಾಗಿ ಕೂರುವ ಸಿದ್ಧ ತುಂಡುಗಳು ಬೇಕು. ಮಾದಪ್ಪನ ಕಥೆ ಹಾಡುವ ಕಂಸಾಳೆಯವರನ್ನು ಕೇಳಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಬಿರುದು ಕೊಡುತ್ತಾರೆ: ಸದಾ ಹಸಿದವನು, ಪೆನ್ಸಿಲ್ ನುಂಗುವವಳು. ಪ್ರಿನ್ಸಿಪಾಲರಿಗೆ ಕೊಟ್ಟದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಒಮ್ಮೊಮ್ಮೆ ಪೋಷಕರ ಕಾರುಗಳಲ್ಲಿ ಊರ ಪಶ್ಚಿಮದ ಪುಲ್ಗಸ್ ಜಲಮಂದಿರಕ್ಕೆ ಹೋಗಿ ಅಲ್ಲೇ ಹಾಡುವುದೂ ಉಂಟು. ಹೆಚ್ ಹೆಚಿ ಕಣಿವೆಯಿಂದ ಕೊಳವೆಯಲ್ಲಿ ನೀರು ಬಂದ ಸಂಭ್ರಮಕ್ಕೆ 1938ರಲ್ಲಿ ಮುಗಿಸಿದ ದುಂಡನೆ ಗುಡಿ, ಕೊರಿಂಥಿಯನ್ ಕಂಬಗಳು. ಯಾವ ದೇವರದ್ದು ಎಂದು ಮಕ್ಕಳು ಹುಡುಕುತ್ತಾರೆ. ನೀರು ಸರಬರಾಜಿನವರದ್ದು ಎಂದರೆ ನಂಬುವುದಿಲ್ಲ.

ಸ್ಯಾಫೊಳನ್ನು ಕಲಿಸಲು ನನ್ನದೊಂದು ಆಟವಿದೆ. ಎಲ್ಲರೂ ಒಂದು ಪುಟ್ಟ ಪದ್ಯ ಬರೆಯಬೇಕು, ಬರೆದದ್ದನ್ನು ಹರಿಯಬೇಕು, ಒಂದೇ ಒಂದು ಚೂರನ್ನು ಪಕ್ಕದವರಿಗೆ ಕೊಡಬೇಕು. ಉಳಿದದ್ದು ಬುಟ್ಟಿಗೆ. ಮೊದಲು ಗೋಳೋ ಎನ್ನುತ್ತಾರೆ, ಹರಿಯುವಾಗ ಮಹಾ ಆನಂದ. ಪಕ್ಕದವರು ಆ ಚೂರಿನಿಂದ ಇಡೀ ಪದ್ಯವನ್ನು ಊಹಿಸಿ ಬರೆದದ್ದನ್ನು ಓದುವಾಗ ಮೂಲ ಕವಿಯ ಮುಖ ನೋಡಬೇಕು. ಸ್ಯಾಫೊಳ ಹೆಚ್ಚಿನ ಪದ್ಯಗಳು ನಮಗೆ ಸಿಕ್ಕಿರುವುದು ಹೀಗೆಯೇ, ಚೂರಾಗಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷರು 1896ರ ಚಳಿಗಾಲದಿಂದ ಅಗೆಯತೊಡಗಿದರು. ಲೆಕ್ಕದ ಚೀಟಿ, ಕಾಗದಪತ್ರ, ನಡುವೆ ಕವಿತೆ.

ಅದೇ ತಿಪ್ಪೆಯಿಂದ 1903ರಲ್ಲಿ ಅಚ್ಚಾಗಿ ಹೊರಬಂದ ಒಂದು ಪ್ರಹಸನವೇ ನಮ್ಮ ವರ್ಷದ ಕೊನೆಯ ಪಾಠ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನೊಬ್ಬನ ಕೈಯಲ್ಲಿ ಸಿಕ್ಕಿದ್ದಾಳೆ, ದೇವಿಗೆ ಅವಳ ಬಲಿಯಾಗಬೇಕು. ಅವಳ ಅಣ್ಣ, ಸಂಗಡಿಗರು, ಒಬ್ಬ ವಿದೂಷಕ ಹಡಗಿನಲ್ಲಿ ಬಂದು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸುತ್ತಾರೆ. ಒಡಿಸಿಯಸ್ ಒಕ್ಕಣ್ಣ ರಾಕ್ಷಸನಿಗೆ ಮಾಡಿದ ಉಪಾಯವೇ ಇದು ಎಂದು ಮಕ್ಕಳು ತಾವೇ ಗುರುತಿಸುತ್ತಾರೆ. ರಾಜನ ಕಡೆಯವರ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ವಾದಿಸಿದ. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಬೆನ್ನಿಗೆ ಬಂದರು. ತುಳು ಎಂದವರಿದ್ದಾರೆ, ಬರೀ ನಗೆಗಾಗಿ ಹೊಸೆದ ಗೊಣಗು ಎಂದವರೂ ಇದ್ದಾರೆ. ಮಲ್ಪೆ ಕಡೆಯ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ, "ಎಂತ ಮಾರಾಯ್ತಿ, ನಮ್ಮವರು ಆಗಲೂ ಕುಡಿದೇ ಸಿಕ್ಕಿಬಿದ್ದದ್ದಾ?" ಎಂದಳು.

ಆರನೇ ತರಗತಿಗೆ ಈ ಚರ್ಚೆ ಯಾವುದೂ ಮುಖ್ಯವಲ್ಲ. ವಿದೂಷಕನ ಆಯುಧ ಹೂಸು ಎನ್ನುವುದು ಮುಖ್ಯ. ಶತ್ರುಗಳನ್ನು ಅವನು ಓಡಿಸುವುದು ಅದರಿಂದಲೇ, ಹೊರಡುವ ಮೊದಲು ಪ್ರಾರ್ಥಿಸುವುದೂ ಅದರ ಅಧಿದೇವತೆಯನ್ನೇ. ಎರಡನೇ ಶತಮಾನದ ಹಾಳೆಯಲ್ಲಿ ಇದು ಬರೆದಿದೆ ಎಂದರೆ ಮಕ್ಕಳು ಪ್ರಾಚೀನ ಜಗತ್ತನ್ನು ಮೊದಲ ಸಲ ಗೌರವದಿಂದ ನೋಡುತ್ತಾರೆ. ಪಾತ್ರ ಹಂಚುವಾಗ ವಿದೂಷಕನಿಗೆ ಚೀಟಿ ಎತ್ತಲೇಬೇಕು. ರಾಜನ ಭಾಷೆ ಬರುವವರು ಬೇರಾರೂ ಇಲ್ಲವಾದ್ದರಿಂದ ಆ ಪಾತ್ರ ನನಗೇ ಬರುತ್ತದೆ. ಲೋಟದಲ್ಲಿ ಸೇಬಿನ ರಸ ಕೊಡುತ್ತಾರೆ. ನಾನು ಧಾರವಾಡ ಕನ್ನಡದಲ್ಲಿ ಮನಸಾರೆ ಗದರುತ್ತೇನೆ, ಅವರು ಡೆಸ್ಕಿನ ಮೇಲೆ ತಾಳ ಹಾಕುತ್ತಾರೆ, ಆಮೇಲೆ ಕುಡಿದ ರಾಜನನ್ನು ಹಿಡಿದು ಕಟ್ಟಿಹಾಕಬೇಕೆಂದು ನಾಟಕದಲ್ಲಿ ಇದೆ. ಈ ಕೆಲಸಕ್ಕೆ ಚೀಟಿ ಎತ್ತಿ ಪ್ರಯೋಜನವಿಲ್ಲ, ಎಲ್ಲರೂ ಒಟ್ಟಿಗೆ ಬರುತ್ತಾರೆ.