ಕಡಲಿಗೂ ಒಂದು ಬಿಡುವು

ನಾವು ಬ್ರಿಸ್ಬೇನಿಗೆ ಬಂದ ವರ್ಷದಿಂದಲೇ ಗ್ರೇಟ್ ಬ್ಯಾರಿಯರ್ ರೀಫ್ ನೋಡುವ ಆಸೆ ಮನಸ್ಸಿನಲ್ಲಿತ್ತು. ಮನೆಸಾಲದ ಕಂತು, ಮಗಳ ಶೈಶವ, ಊರಿನ ಪ್ರಯಾಣ ಎಂದು ಅದನ್ನು ಹನ್ನೊಂದು ವರ್ಷ ಮುಂದೂಡಿದೆವು. 2,300 ಕಿಲೋಮೀಟರ್ ಉದ್ದದ ಹವಳದ ದಿಬ್ಬಗಳ ಸಾಲು ಎಲ್ಲಿಗೆ ತಾನೇ ಹೋದೀತು ಎಂಬ ಧೈರ್ಯ ನಮ್ಮದು. ಕೊನೆಗೆ 2024ರ ಮಾರ್ಚ್‌ನಲ್ಲಿ, ಕುಮಟೆಯಿಂದ ಅಮ್ಮ ಬಂದಿದ್ದಾಗ, ಎಲ್ಲರೂ ಕೂಡಿ ಕೇರ್ನ್ಸ್‌ಗೆ ಹೊರಟೆವು.

ಅಮ್ಮನಿಗೆ ಹವಳವೆಂದರೆ ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ. ನವರತ್ನಗಳಲ್ಲಿ ಒಂದು, ಕುಜನಿಗೆ ಪ್ರಿಯವಾದದ್ದು. ಅದು ಪ್ರಾಣಿಯೊಂದು ಕಟ್ಟಿದ ಅಸ್ಥಿಯೆಂದರೆ ಅವರು ಸುಲಭವಾಗಿ ನಂಬಲಿಲ್ಲ. ಆಭರಣದ ಹವಳದ ಕೆಂಪು ಅದರ ಅಸ್ಥಿಯಲ್ಲಿಯೇ ಬೆರೆತಿರುತ್ತದೆ. ರೀಫಿನ ಹವಳಗಳ ಕಥೆ ಬೇರೆ. ಅವುಗಳ ಬಣ್ಣದಲ್ಲಿ ಹೆಚ್ಚಿನ ಪಾಲು ಒಳಗೆ ವಾಸಿಸುವ ಪಾಚಿಯದು.

ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕುಳಿತು ಕೆಳಗೆ ನೋಡಿದೆವು. ಕೊಂಬೆಕೊಂಬೆಯೂ ಬೆಳ್ಳಗೆ ಹೊಳೆಯುತ್ತಿತ್ತು. “ಅಜ್ಜಿ, ಮಲ್ಲಿಗೆ ಬಿಟ್ಟ ಹಾಗಿದೆ!” ಎಂದು ಮಗಳು ಕುಣಿದಳು. ನಾವೂ ಫೋಟೋ ತೆಗೆದೆವು. ದೋಣಿಯ ಮಾರ್ಗದರ್ಶಿ ತರುಣಿ ಕ್ಷಣಕಾಲ ಸುಮ್ಮನಿದ್ದು, ಇದು ಇವುಗಳ ಸಹಜ ಬಣ್ಣವಲ್ಲ, ಇವು ಹಸಿದಿವೆ ಎಂದಳು.

ಅಂದು ಅವಳಿಂದ ಕೇಳಿದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಸಂಗ್ರಹಿಸುತ್ತೇವೆ. ಹವಳದ ಜೀವಕೋಶಗಳೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿರುತ್ತವೆ. ಒಂದು ಚದರ ಸೆಂಟಿಮೀಟರಿನಲ್ಲಿಯೇ ಅವು ಹತ್ತು ಲಕ್ಷ ಮೀರಬಹುದು. ಪಾಚಿಗೆ ಹವಳವು ಆಶ್ರಯವನ್ನೂ, ತನ್ನ ತ್ಯಾಜ್ಯದಿಂದ ಗೊಬ್ಬರವನ್ನೂ ಕೊಡುತ್ತದೆ. ಪಾಚಿಯು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಹವಳದ ಶಕ್ತಿಯಲ್ಲಿ ಶೇಕಡ 90ರವರೆಗೂ ಒದಗಿಸುತ್ತದೆ. ಆದರೆ ಕಡಲಿನ ನೀರು ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಸಂಸಾರ ಕೆಡುತ್ತದೆ. ಬೆಳಕನ್ನು ಹಿಡಿಯುವ ಪಾಚಿಯ ವ್ಯವಸ್ಥೆ ಕಾವಿಗೆ ಹಾಳಾಗಿ, ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳವು ತನಗೆ ಉಣಿಸುತ್ತಿದ್ದ ಪಾಚಿಯನ್ನೇ ಹೊರಹಾಕುತ್ತದೆ. ಪಾರದರ್ಶಕವಾದ ಮೈಯೊಳಗಿನ ಸುಣ್ಣದ ಅಸ್ಥಿ ಕಾಣತೊಡಗುತ್ತದೆ. ನಮ್ಮ ಮಗಳಿಗೆ ಮಲ್ಲಿಗೆಯಂತೆ ತೋರಿದ್ದು ಅದು.

ಬಿಳಿಚಿದ ಹವಳ ಇನ್ನೂ ಸತ್ತಿರುವುದಿಲ್ಲ ಎಂಬುದನ್ನು ನಾವು ಅಂದೇ ಅರಿತೆವು. ಕೂಡಿಟ್ಟ ಶಕ್ತಿಯಿಂದ, ಕರಬಳ್ಳಿಗಳಲ್ಲಿ ಹಿಡಿದ ಚಿಕ್ಕ ಜೀವಿಗಳಿಂದ, ಅದು ಕೆಲವು ವಾರ ಬದುಕಿರಬಲ್ಲದು. ಅಷ್ಟರಲ್ಲಿ ನೀರು ತಣಿದರೆ ಪಾಚಿ ಮತ್ತೆ ವೃದ್ಧಿಸಿ ಬಣ್ಣ ಮರಳುತ್ತದೆ. ತಣಿಯದಿದ್ದರೆ ಹವಳ ಸಾಯುತ್ತದೆ, ಅಸ್ಥಿಯ ಮೇಲೆ ಕಡಲಕಳೆ ಹಬ್ಬುತ್ತದೆ. ಕೆಲವು ಹವಳಗಳು ಬಿಳಿಚಿದ ಬಳಿಕ ಕಾವು ತಾಳುವ ಬೇರೆ ಜಾತಿಯ ಪಾಚಿಗೆ ಹೆಚ್ಚು ಎಡೆಕೊಡುವುದುಂಟು. ಆಗ ಅವುಗಳ ತಾಳಿಕೆ ಹೆಚ್ಚುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಟೌನ್ಸ್‌ವಿಲ್ ಬಳಿಯ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೀನ್ ಸೈನ್ಸ್ ಮೊದಲಾದೆಡೆ ವಿಜ್ಞಾನಿಗಳು ಅಂಥ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಪಳಗಿಸುತ್ತಿದ್ದಾರೆ.

ದಿಬ್ಬವೊಂದರಲ್ಲಿ ಹವಳಗಳು ಸತ್ತ ಮೇಲೆ, ಬೇಗ ಬೆಳೆಯುವ ಜಾತಿಗಳು ಮತ್ತೆ ತುಂಬಿಕೊಳ್ಳಲು ಸಹ ಸುಮಾರು ಹತ್ತು ವರ್ಷ ಬೇಕು. ನಾವು ಹೋಗುವವರೆಗೆ ಇಲ್ಲಿ ವ್ಯಾಪಕವಾಗಿ ಬಿಳಿಚಿದ ವರ್ಷಗಳು 1998, 2002. ಅನಂತರ 2016, 2017, 2020, 2022, ಮತ್ತು ನಾವು ಹೋದ 2024. ನಡುವಣ ಅಂತರ ಹೇಗೆ ಕುಗ್ಗಿದೆಯೆಂದು ನೋಡಿ. ನಾವು ನಿಶ್ಚಿಂತೆಯಿಂದ ಮುಂದೂಡಿದ ವರ್ಷಗಳೂ ಇವೇ.

ಮರಳುವ ಹಾದಿಯಲ್ಲಿ ಈ ಲೆಕ್ಕವನ್ನು ಅಮ್ಮನಿಗೆ ವಿವರಿಸಿದೆವು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದನ್ನು ನೆನೆದು ಅಮ್ಮ, “ನಮ್ಮಲ್ಲಿ ಮಳೆಗಾಲಕ್ಕೆ ಬೋಟು ಕಡಲಿಗೆ ಇಳಿಯುವುದಿಲ್ಲ. ಕಡಲಿಗೂ ಬಿಡುವು ಬೇಕಲ್ಲ. ಇಲ್ಲಿ ಬಿಡುವು ಕೊಡುವವರು ಯಾರು?” ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ದೋಣಿಯನ್ನು ದಡಕ್ಕೆ ಎಳೆದಿಟ್ಟಂತೆ ಕಾವನ್ನು ಎಳೆದಿಡಲಾಗದು. ಕ್ವೀನ್ಸ್‌ಲ್ಯಾಂಡಿನ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಕಲ್ಲಿದ್ದಲಿನಿಂದ ಬರುತ್ತದೆ; ನಮ್ಮ ಮನೆಯ ಮುಂದೆ ಎರಡು ಕಾರುಗಳಿವೆ; ಕೇರ್ನ್ಸ್‌ಗೆ ಹೋದದ್ದೂ ವಿಮಾನದಲ್ಲಿಯೇ. ಆ ವರ್ಷ ಮನೆಯ ಮಾಳಿಗೆಗೆ ಸೌರಫಲಕ ಹಾಕಿಸಿದೆವು, ಒಂದು ಕಾರನ್ನು ಮಾರಿದೆವು. ಇದರಿಂದ ರೀಫ್ ಉಳಿಯಿತೆಂದು ಹೇಳುವ ಭ್ರಮೆ ನಮಗಿಲ್ಲ. ಆದರೆ ಅಮ್ಮನ ಪ್ರಶ್ನೆಗೆ ಬರಿಗೈಯಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಇನ್ನೂ ನೋಡದ ಕುಟುಂಬಗಳು ಮುಂದೂಡದೆ ಹೋಗಿಬನ್ನಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಬಿಳಿಯ ಹವಳ ಕಂಡರೆ ಅದೇನೆಂದು ಅವರಿಗೆ ತಿಳಿಸಿ ಹೇಳಿರಿ. ಶಾಲೆಗಾಗಿ ರೀಫಿನ ಚಿತ್ರ ಬರೆದ ನಮ್ಮ ಮಗಳು ಮೀನುಗಳಿಗೆಲ್ಲ ಬಣ್ಣ ತುಂಬಿ, ಹವಳದ ಕೊಂಬೆಗಳನ್ನು ಹಾಗೆಯೇ ಬಿಟ್ಟಿದ್ದಳು. ಏಕೆಂದು ಕೇಳಿದೆವು. “ಅವು ಬದುಕಿದವೋ ಇಲ್ಲವೋ ಗೊತ್ತಾದ ಮೇಲೆ ಹಚ್ಚುತ್ತೇನೆ” ಎಂದಳು.