ಕೊತ್ತತ್ತಿಯ ಹಾದಿಯಲ್ಲಿ ಹಳೆಯ ಕಾರು

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರ ಕೊತ್ತತ್ತಿಗೆ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಹಸಿರು. ಕಬ್ಬು, ಭತ್ತ, ನಡುನಡುವೆ ತೆಂಗು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು, ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಮಂಡ್ಯ ಸೀಮೆಗೆ ಕೊಟ್ಟ ಬಣ್ಣ ಇದು. ಕಬ್ಬು ಕಟಾವಿನ ಕಾಲದಲ್ಲಿ ಇಲ್ಲಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ರಾಜ್ಯಭಾರ. ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಮಾಡಿನ ಕೆಳಗೆ ಈಗ ಕೆಲವು ಮನೆಗಳಲ್ಲಿ ಕಾರು ನಿಂತಿದೆ. ಇಂಥ ಊರುಗಳಿಗೆ ಬರುವ ಕಾರುಗಳಲ್ಲಿ ಎಷ್ಟೋ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಬ್ಬಿಬ್ಬರು ಯಜಮಾನರ ಬಳಿ ದುಡಿದು ಬಂದ ಹಳೆಯವು.

ಟ್ರ್ಯಾಕ್ಟರ್ ಮತ್ತು ಕಾರು ಒಂದೇ ಅಂಗಳದಲ್ಲಿ ನಿಂತಿರುವಾಗ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಟ್ರ್ಯಾಕ್ಟರಿನ ಮೀಟರು ತೋರಿಸುವುದು ಕಿಲೋಮೀಟರನ್ನಲ್ಲ, ಎಂಜಿನ್ ದುಡಿದ ಗಂಟೆಗಳನ್ನು. ಇಷ್ಟು ಗಂಟೆಗೊಮ್ಮೆ ಆಯಿಲ್, ಇಷ್ಟು ಗಂಟೆಗೊಮ್ಮೆ ಫಿಲ್ಟರ್ ಎಂಬ ಲೆಕ್ಕ ರೈತನಿಗೆ ಬಾಯಿಪಾಠ. ಏಕೆಂದರೆ ಕೆಸರುಗದ್ದೆಯಲ್ಲಿ ಇಡೀ ದಿನ ಉತ್ತರೂ ಟ್ರ್ಯಾಕ್ಟರ್ ದೂರವನ್ನೇನೂ ಕ್ರಮಿಸಿರುವುದಿಲ್ಲ. ದುಡಿಮೆ ಮಾತ್ರ ಬೆಟ್ಟದಷ್ಟು ಆಗಿರುತ್ತದೆ. ಅದೇ ರೈತ ಕಾರಿನ ಮುಂದೆ ನಿಂತಾಗ ಈ ವಿವೇಕವನ್ನು ಮರೆಯುತ್ತಾನೆ. ‘ಬರೀ 50 ಸಾವಿರ ಓಡೈತೆ’ ಎಂಬ ಮಾತಿಗೆ ಮರುಳಾಗುತ್ತಾನೆ.

ಕಿಲೋಮೀಟರಿನ ಅಂಕಿಯನ್ನು ತಿರುಗಿಸಿ ಮೋಸ ಮಾಡುವವರಿದ್ದಾರೆ ಎಂಬುದು ಒಂದು ಕಡೆ ಇರಲಿ. ಅಂಕಿ ನಿಜವೇ ಆಗಿದ್ದರೂ ಅದು ಅರ್ಧ ಸತ್ಯ. ಪೇಟೆಯ ವಾಹನ ಸಂದಣಿಯಲ್ಲಿ ನಿಂತು ನಿಂತು ಸಾಗಿದ ಕಾರಿನ ಎಂಜಿನ್ ಮೀಟರು ತೋರುವುದಕ್ಕಿಂತ ಹೆಚ್ಚು ದುಡಿದಿರುತ್ತದೆ. ಹಳ್ಳಿಯಲ್ಲಿ ವಾರಕ್ಕೊಮ್ಮೆ ಸಂತೆಗೋ ಮದುವೆಗೋ ಹೊರಡುವ ಕಾರು ಓಡದಿದ್ದರೂ ಮುದಿಯಾಗುತ್ತಿರುತ್ತದೆ. ರಬ್ಬರು ಬಿಸಿಲಿಗೆ, ಗಾಳಿಗೆ ಬಿರಿಯುತ್ತದೆ, ಬ್ಯಾಟರಿ ಸೊರಗುತ್ತದೆ. ರೇಡಿಯೇಟರಿಗೆ ಕೂಲೆಂಟ್ ಬದಲು ಗಡಸು ನೀರು ಸುರಿದಿದ್ದರೆ, ಸ್ನಾನದ ಹಂಡೆಯೊಳಗೆ ಕಟ್ಟುವಂಥದೇ ಬಿಳಿಯ ಪೊರೆ ಅಲ್ಲಿಯೂ ಕಟ್ಟಿ ಶಾಖವನ್ನು ಹೊರಬಿಡದಂತೆ ತಡೆಯುತ್ತದೆ.

ಹಾಗಾದರೆ ಯಾವುದನ್ನು ಯಾವಾಗ ಬದಲಿಸಬೇಕು? ಕಾರಿನ ಮುಖ್ಯ ಭಾಗಗಳನ್ನು ಎರಡು ಗುಂಪಾಗಿ ವಿಂಗಡಿಸಿದರೆ ಉತ್ತರ ಸುಲಭವಾಗುತ್ತದೆ: ಹೇಳಿ ಕೆಡುವವು, ಹೇಳದೆ ಕೆಡುವವು.

ಕ್ಲಚ್ಚು, ಶಾಕ್ ಅಬ್ಸಾರ್ಬರ್, ಚಕ್ರದ ಬೇರಿಂಗು ಮೊದಲ ಗುಂಪಿನವು. ಕ್ಲಚ್ಚು ಸವೆದಾಗ ಎಂಜಿನ್ ಅಬ್ಬರಿಸಿದರೂ ಗಾಡಿ ಅದಕ್ಕೆ ತಕ್ಕ ವೇಗ ಹಿಡಿಯುವುದಿಲ್ಲ. ಬೇರಿಂಗು ಗುಂಯ್‌ಗುಡುತ್ತದೆ. ಇವುಗಳ ವಿಷಯದಲ್ಲಿ ಲಕ್ಷಣ ಕಂಡ ಮೇಲೆ, ಆದರೆ ಕಂಡ ಕೂಡಲೇ, ಖರ್ಚು ಮಾಡಿದರೆ ಸಾಕು.

ಎಂಜಿನ್ನಿನ ಟೈಮಿಂಗ್ ಬೆಲ್ಟ್, ಬ್ರೇಕ್ ಎಣ್ಣೆ, ಬ್ರೇಕಿನ ರಬ್ಬರ್ ಕೊಳವೆ, ಟೈರು ಎರಡನೆಯ ಗುಂಪಿಗೆ ಸೇರಿದವು. ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ಇಂಥ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ:

‘ಗೌಡ್ರೇ, ಬೆಲ್ಟ್ ಯಾವಾಗ ಹಾಕ್ಸಿದ್ರಿ?’

‘ಯಾರಿಗ್ಗೊತ್ತಪ್ಪ. ತಗೊಂಡಾಗಿಂದ ಬಿಚ್ಚಿಲ್ಲ. ಚೆನ್ನಾಗೇ ಓಡ್ತೈತಲ್ಲ!’

ಚೆನ್ನಾಗಿ ಓಡುತ್ತಿದೆ ಎಂಬುದೇ ಇಲ್ಲಿ ಮೋಸದ ಮಾತು. ಈ ಬೆಲ್ಟ್ ತುಂಡಾಗುವ ಕ್ಷಣದವರೆಗೂ ಚೆನ್ನಾಗಿಯೇ ಓಡಬಹುದು. ತುಂಡಾದರೆ ಎಂಜಿನ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಅವನ್ನು ಬಾಗಿಸುತ್ತದೆ. ಆಗ ಬೆಲ್ಟಿನ ಖರ್ಚು ಉಳಿಸಹೋಗಿ ಎಂಜಿನ್ನನ್ನೇ ಬಿಚ್ಚಿಸಬೇಕಾಗುತ್ತದೆ. ಹಳೆಯ ಮಾರುತಿ 800, ಸ್ಯಾಂಟ್ರೊದಂಥ ಕಾರುಗಳಲ್ಲಿ ಬೆಲ್ಟ್ ಇದ್ದರೆ, ಡೀಸೆಲ್ ಸ್ವಿಫ್ಟಿನಂಥವುಗಳಲ್ಲಿ ಸರಪಳಿ ಇದೆ. ತಮ್ಮ ಕಾರಿನಲ್ಲಿರುವುದು ಯಾವುದು, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದನ್ನು ಕಂಪನಿಯ ಕೈಪಿಡಿಯಲ್ಲೇ ನೋಡಬೇಕು. ಹಿಂದಿನ ಯಜಮಾನರ ದಾಖಲೆ ಇಲ್ಲದಿದ್ದರೆ ‘ಬದಲಿಸಿಲ್ಲ’ ಎಂದೇ ತಿಳಿಯುವುದು ಜಾಣತನ.

ಹೇಳದೆ ಕೆಡುವುದೆಂದರೆ ಏನೆಂಬುದನ್ನು ನಾಡಿಗೇ ತೋರಿಸಿದ ಘಟನೆಯೊಂದು ಇತ್ತೀಚಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು, ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಆ ಅಣೆಕಟ್ಟಿನಲ್ಲಿ ಏಳು ದಶಕ ದುಡಿದ ಸರಪಳಿ ಕಡಿದದ್ದು ಬರಗಾಲದಲ್ಲಲ್ಲ, ಜಲಾಶಯ ತುಂಬಿ ನಿಂತಾಗ. ಭಾರ ಹೆಚ್ಚಿದಾಗಲೇ ದುರ್ಬಲ ಕೊಂಡಿ ಕೈಕೊಡುತ್ತದೆ.

ಮಂಡ್ಯ ಸೀಮೆಯ ಹಳೆಯ ಕಾರುಗಳಿಗೂ ಈಗ ಅಂಥದೇ ಭಾರ ಬಿದ್ದಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಈ ಜಿಲ್ಲೆಯ ನಡುವೆಯೇ ಹಾಯುತ್ತದೆ. ಹಳ್ಳಿಯ ದಾರಿಯಲ್ಲಿ 40ರ ವೇಗದಲ್ಲಿ ಹೋಗುತ್ತಿದ್ದ ಕಾರು ಹೆದ್ದಾರಿ ಏರುತ್ತಲೇ 100 ಮುಟ್ಟುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಎರಡೂವರೆ ಪಟ್ಟಾದರೆ ಶಕ್ತಿ ಆರು ಪಟ್ಟಿಗೂ ಮಿಗಿಲು. ಅಷ್ಟನ್ನೂ ಬ್ರೇಕು ಶಾಖವಾಗಿ ಪರಿವರ್ತಿಸಬೇಕು. ಇಲ್ಲಿಯೇ ಬ್ರೇಕ್ ಎಣ್ಣೆಯ ಮಹತ್ವ. ಈ ಎಣ್ಣೆ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ ಕೇವಲ 140 ಡಿಗ್ರಿ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲ, ಆವಿ ಒತ್ತಿದರೆ ಕುಗ್ಗುತ್ತದೆ; ಪೆಡಲು ತಳ ಮುಟ್ಟಿದರೂ ಗಾಡಿ ನಿಲ್ಲದು. ಆದ್ದರಿಂದಲೇ ಓಡಲಿ, ನಿಂತಿರಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕೆನ್ನುತ್ತಾರೆ.

ಹೆದ್ದಾರಿಯನ್ನೇ ಏರದವರಿಗೂ ಈ ಎಚ್ಚರ ತಪ್ಪಿದ್ದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಆ ದುರಂತದ ಕಾರಣಗಳ ಚರ್ಚೆ ಬೇರೆ. ನಾಲೆಯ ಏರಿಯ ಮೇಲಿನ ದಾರಿಯಲ್ಲಿ ಒಂದು ಮಾರು ತಪ್ಪಿದರೂ ಕ್ಷಮೆಯಿಲ್ಲ ಎಂಬುದಂತೂ ಸ್ಪಷ್ಟ. ಸ್ಟೀರಿಂಗು, ಬ್ರೇಕು, ಟೈರುಗಳ ಖರ್ಚನ್ನು ‘ಮುಂದಿನ ಸುಗ್ಗಿಗೆ ನೋಡೋಣ’ ಎಂದು ಮುಂದೂಡಬಾರದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲ ಸರದಿ ಇವುಗಳದು. ಬೆಲ್ಟು, ಕೂಲೆಂಟು ಅನಂತರ. ಬಣ್ಣ, ಸೀಟಿನ ಹೊದಿಕೆ, ಹಾಡಿನ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅದಕ್ಕೆ ಮುನ್ನ ತಪಾಸಣೆಯಾಗುತ್ತದೆ. ಆದರೆ ಆ ಒಂದು ದಿನದ ತೇರ್ಗಡೆ ಐದು ವರ್ಷದ ಭರವಸೆಯಲ್ಲ. ಪರೀಕ್ಷೆ ಮುಗಿಯಿತೆಂದು ಪುಸ್ತಕ ಮುಚ್ಚಿಡುವ ವಿದ್ಯಾರ್ಥಿಗೆ ಹೇಳುವ ಬುದ್ಧಿಮಾತು ಕಾರಿನ ಯಜಮಾನರಿಗೂ ಸಲ್ಲುತ್ತದೆ.

ಇಲ್ಲಿ ಮಕ್ಕಳು ದೊಡ್ಡವರಿಗೆ ನೆರವಾಗಬಹುದು. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಅಚ್ಚು ಸವೆಯದಿದ್ದರೂ ವಯಸ್ಸಾದ ಟೈರು ನಂಬಿಕೆಗೆ ಅರ್ಹವಲ್ಲ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಟೈರು, ಬೆಲ್ಟು, ಬ್ರೇಕ್ ಎಣ್ಣೆ, ಕೂಲೆಂಟ್, ಬ್ಯಾಟರಿಗೆ ಒಂದೊಂದು ಪುಟ ಮೀಸಲಿಟ್ಟು, ಬದಲಿಸಿದ ತಾರೀಖು ಮತ್ತು ಮುಂದೆ ಬದಲಿಸಬೇಕಾದ ತಾರೀಖು ಬರೆಯುತ್ತ ಹೋದರೆ ಊಹೆಯ ಜಾಗದಲ್ಲಿ ಲೆಕ್ಕ ಬಂದು ಕೂರುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ನಾಲೆಯ ಹೂಳು ತೆಗೆಯುವುದು ನೀರು ನಿಂತಾಗ. ಸಕ್ಕರೆ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವುದು ಅರೆಯುವ ಹಂಗಾಮು ಮುಗಿದಾಗ. ಇದು ಈ ಸೀಮೆಯ ಜನ ಕಂಡುಂಡ ವಿವೇಕ. ಕಾರಿಗೂ ಅಂಥ ಒಂದು ಬಿಡುವನ್ನು ಯಜಮಾನನೇ ಗೊತ್ತು ಮಾಡಬೇಕು. ಅವನು ಗೊತ್ತು ಮಾಡದಿದ್ದರೆ ಕಾರೇ ಗೊತ್ತು ಮಾಡುತ್ತದೆ. ಆಗ ಸ್ಥಳದ ಆಯ್ಕೆಯೂ ಅದರದೇ ಆಗಿರುತ್ತದೆ.