ಪುಟ್ಟ ಮನೆಯ ಆಸೆ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ರಜೆ ಹಾಕಿದರೆ ಆ ಪೀರಿಯಡ್ಡು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ನನಗೋ ಚಿತ್ರ ಬಿಡಿಸಲು ಬಾರದು. ಹಾಗಾಗಿ ಪ್ರತಿ ಸಲವೂ "ನಿಮಗೆ ಇಷ್ಟವಾದ ಮನೆ ಬಿಡಿಸಿ" ಎಂದು ಹೇಳಿ ಕುಳಿತುಬಿಡುತ್ತೇನೆ. ಮಕ್ಕಳೆಲ್ಲ ಪೇಟೆಯವರು. ಹುಟ್ಟಿದ್ದು, ಬೆಳೆದದ್ದು ತಾರಸಿ ಮನೆಯಲ್ಲಿ, ಇಲ್ಲವೇ ಮೂರನೇ ಮಹಡಿಯ ಫ್ಲಾಟಿನಲ್ಲಿ. ಆದರೆ ಹಾಳೆಯ ಮೇಲೆ ಮೂಡುವ ಮನೆ ಮಾತ್ರ ಬೇರೆಯೇ. ಇಳಿಜಾರು ಮಾಡು, ನಡುವೆ ಒಂದು ಬಾಗಿಲು, ಆಚೀಚೆ ಎರಡು ಕಿಟಕಿ, ಪಕ್ಕದಲ್ಲಿ ತೆಂಗಿನ ಮರ, ಹಿಂದೆ ಎರಡು ಗುಡ್ಡ, ಗುಡ್ಡಗಳ ಸಂದಿನಲ್ಲಿ ಸೂರ್ಯ. ಚೌಕಾಕಾರದ ತಾರಸಿಯನ್ನೂ ಅದರ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕನ್ನೂ ಬಿಡಿಸಿದ ಮಗುವನ್ನು ನಾನು ಇದುವರೆಗೆ ಕಂಡಿಲ್ಲ.

ಮಕ್ಕಳ ಮಾತು ಹಾಗಿರಲಿ, ನಾವು ದೊಡ್ಡವರೇನು ಕಡಿಮೆ? ಚಿಕ್ಕಮಗಳೂರು, ಮಡಿಕೇರಿ ಕಡೆ ಹೋದಾಗ ಕಾಟೇಜ್ ಎಂಬ ಹೆಸರಿನ ಹೆಂಚಿನ ಕೋಣೆಗೆ ರಾತ್ರಿಯೊಂದಕ್ಕೆ ಸಾವಿರಾರು ರೂಪಾಯಿ ಕೊಡುತ್ತೇವೆ. ಒಳಗೆ ಹೋಗಿ ಮರದ ಜಂತಿ ನೋಡಿ, "ಅಯ್ಯೋ, ಥೇಟ್ ನಮ್ಮಜ್ಜಿ ಮನೆ ಹಾಗೇ ಇದೆ" ಎಂದು ಸಂಭ್ರಮ ಪಡುತ್ತೇವೆ. ಅಜ್ಜಿಯ ಮನೆಯಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತಿತ್ತು. ಆಗ ನಮಗೆ ಪೇಟೆಯ ಫ್ಯಾನು ಬೇಕಾಗಿತ್ತು.

ನನ್ನ ತವರು ದಕ್ಷಿಣ ಕನ್ನಡದ ಒಂದು ಹಳ್ಳಿ. ಅಡಕೆ ತೋಟದ ಅಂಚಿನಲ್ಲಿ ನಾಲ್ಕಂಕಣದ ಹೆಂಚಿನ ಮನೆ. ನಮ್ಮ ಅಜ್ಜನ ಕಾಲದಲ್ಲಿ ಅದು ಮುಳಿಹುಲ್ಲಿನ ಮನೆಯಾಗಿತ್ತಂತೆ. ಪ್ರತಿ ವರ್ಷ ಹುಲ್ಲು ಹೊದಿಸಬೇಕು, ಬೆಂಕಿಗೆ ಹೆದರಬೇಕು. ಹೆಂಚು ಹೊದಿಸಿದ ವರ್ಷ ಊರಿಗೆಲ್ಲ ಪಾಯಸದ ಊಟ ಹಾಕಿಸಿದ್ದರಂತೆ. ಹೆಂಚೆಂದರೆ ಆಗ ಅಷ್ಟು ದೊಡ್ಡ ಸಂಗತಿ.

ಈ ಹೆಂಚಿನ ಕತೆಯೂ ಸ್ವಾರಸ್ಯದ್ದೇ. ನಾವು 'ಮಂಗಳೂರು ಹೆಂಚು' ಎಂದು ಹೆಮ್ಮೆಯಿಂದ ಕರೆಯುವ ವಸ್ತುವಿನ ಮೂಲ ವಿನ್ಯಾಸ ಯುರೋಪಿನದು. ಒಂದರ ತೋಡಿನಲ್ಲಿ ಇನ್ನೊಂದರ ಅಂಚು ಕೂರುವ ಇಂಥ ಹೆಂಚನ್ನು ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1840ರ ದಶಕದಲ್ಲಿ ರೂಪಿಸಿದ್ದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಶನರಿ. ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದಂತಿತ್ತು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗೂಡಿನಲ್ಲಿ ಬೆಂದು ಆ ಕೆಂಪು ಬಣ್ಣ ಬರುತ್ತದೆ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವುದರಿಂದ ಮಳೆನೀರು ಜಾರಿ ಹೋಗುತ್ತದೆ, ಸಂದಿನಿಂದ ಬಿಸಿ ಗಾಳಿ ಮೇಲೆ ಹೊರಟು ಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೆಂಚಿನಡಿಯಲ್ಲಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಇಂಗ್ಲಿಷ್ ಪಾಠ ಮಾಡುವವಳು. ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಆ ಪದ್ಯ ಹುಟ್ಟಿದ್ದೂ ಒಂದು ಕಾಟೇಜಿನಲ್ಲೇ. ಇಂಗ್ಲೆಂಡಿನ ಗ್ರಾಸ್‌ಮಿಯರ್ ಎಂಬ ಹಳ್ಳಿಯಲ್ಲಿ, ಹಿಂದೆ ಹೋಟೆಲಾಗಿದ್ದ ಒಂದು ಸಣ್ಣ ಮನೆ. 1799ರ ಡಿಸೆಂಬರಿನಲ್ಲಿ ಕವಿಯೂ ಅವನ ತಂಗಿ ಡೊರೊತಿಯೂ ಅಲ್ಲಿಗೆ ಬಾಡಿಗೆಗೆ ಬಂದರು. ಇಂದು ಅದು ಡವ್ ಕಾಟೇಜ್ ಎಂಬ ಹೆಸರಿನ ಸ್ಮಾರಕ. 1891ರಿಂದಲೇ ಜನ ಅದನ್ನು ನೋಡಲು ಹೋಗುತ್ತಿದ್ದಾರೆ.

ಕವಿಯ ಬಗ್ಗೆ ಓದುತ್ತಾ ಹೋದ ನನಗೆ ಹತ್ತಿರವಾದವಳು ಮಾತ್ರ ತಂಗಿ ಡೊರೊತಿ. ಆ ಹೂಗಳನ್ನು ಅಣ್ಣ ತಂಗಿ ಒಟ್ಟಿಗೇ ನೋಡಿದ್ದು 1802ರ ಏಪ್ರಿಲ್ 15ರಂದು. ಅವಳು ಅದನ್ನು ಆಗಲೇ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಎರಡು ವರ್ಷ ಕಳೆದ ಮೇಲೆ. ಆ ದಿನಚರಿಯಲ್ಲಿ ಹೂವು, ಬೆಳದಿಂಗಳು ಮಾತ್ರವಲ್ಲ, ರೊಟ್ಟಿ ಸುಟ್ಟದ್ದು, ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದು, ಬಟಾಣಿ ಬಳ್ಳಿಗೆ ಕೋಲು ಊರಿದ್ದು, ತಲೆನೋವಿನಿಂದ ಮಲಗಿದ್ದು ಎಲ್ಲವೂ ಇದೆ. ಮೇಲಿನ ಒಂದು ಕೋಣೆ ಚಳಿಗೆ ಕೊರೆಯುತ್ತಿತ್ತೆಂದು ಅವಳು ಗೋಡೆಗೆ ಹಳೆಯ ವೃತ್ತಪತ್ರಿಕೆ ಅಂಟಿಸಿದಳು. ಮುಂದೆ ಕವಿಗೆ ಮದುವೆಯಾಯಿತು, ಮೂರು ಮಕ್ಕಳಾದವು, ಹೆಂಡತಿಯ ತಂಗಿಯೂ ಬಂದು ಸೇರಿದಳು. ಕಾಲಿಡಲು ಜಾಗವಿಲ್ಲದಂತಾಗಿ 1808ರಲ್ಲಿ ದೊಡ್ಡ ಮನೆಗೆ ಹೋದರು. ಪುಟ್ಟ ಮನೆಯ ಸೊಬಗು ಪ್ರವಾಸಿಗಳಿಗೆ ಕಾಣುತ್ತದೆ. ಅದರೊಳಗಿನ ಚಳಿ ಪೇಪರು ಅಂಟಿಸಿದವಳಿಗೆ ಗೊತ್ತು.

ನಮ್ಮ ಅಮ್ಮ ದಿನಚರಿ ಬರೆದವರಲ್ಲ. ಬರೆದಿದ್ದರೆ ಅದರಲ್ಲಿ ಇಷ್ಟು ಇರುತ್ತಿತ್ತು: ವಾರಕ್ಕೆರಡು ಸಲ ಸೆಗಣಿಗೆ ತೆಂಗಿನ ಗೆರಟೆಯ ಮಸಿ ಬೆರೆಸಿ ನೆಲ ಸಾರಿಸುವುದು, ಜಂತಿಯಿಂದ ಉದುರುವ ಗೆದ್ದಲಿನ ಮಣ್ಣು ಗುಡಿಸುವುದು, ಕೋಲಿಗೆ ಕಸಬರಿಕೆ ಕಟ್ಟಿ ಜೇಡರ ಬಲೆ ತೆಗೆಯುವುದು. ಮೃಗಶಿರಾ ಮಳೆಗೆ ಮೊದಲು ಮಾಡು ಹತ್ತುವ ಆಳು ಬರಬೇಕು. ಮಂಗ ಹಾರಿ, ತೆಂಗಿನಕಾಯಿ ಬಿದ್ದು ಒಡೆದ ಹೆಂಚುಗಳನ್ನು ಬದಲಾಯಿಸಬೇಕು. ಅವನು ಬಾರದೆ ಮಳೆ ಬಂತೋ, ಮುಗಿಯಿತು ಕತೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುತ್ತದೆ. ರಾತ್ರಿ ನಾವು ಮಕ್ಕಳು ಹೆಂಚಿನ ಮೇಲಿನ ಮಳೆಯ ಸದ್ದು ಕೇಳುತ್ತಾ ಸುಖವಾಗಿ ನಿದ್ದೆ ಹೋಗುತ್ತಿದ್ದೆವು. ಅಮ್ಮ ಚಿಮಣಿ ದೀಪ ಹಿಡಿದು ಸೋರುವ ಕಡೆಗೆಲ್ಲ ಪಾತ್ರೆ ಇಡುತ್ತಾ ತಿರುಗುತ್ತಿದ್ದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇಪ್ಪತ್ತಾರು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ನಾವು ಪೇಟೆಯ ಹೊರವಲಯದಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೊಂಡೆವು. ನಿವೃತ್ತಿಗೆ ಮೊದಲು ಸ್ವಂತ ಸೂರು ಆಗಲೇಬೇಕೆಂಬ ಹಟ ನನ್ನದು. ಮಗ ಬೆಂಗಳೂರಿನಿಂದ ಫೋನಿನಲ್ಲೇ ಲೆಕ್ಕ ಹಾಕಿದ. "ಮೂರು ಅಂತಸ್ತು ಎತ್ತಿಸಿ, ಎರಡು ಬಾಡಿಗೆಗೆ ಕೊಡಿ, ಸಾಲ ತಾನೇ ತೀರುತ್ತದೆ." ನನ್ನವರು ಎಂದಿನಂತೆ ಮೌನ. ನಾನು ಮಾತ್ರ ಎರಡು ಕೋಣೆ, ಒಂದು ಅಡಿಗೆಮನೆ, ಒಂದು ಜಗಲಿಯ ಹೆಂಚಿನ ಮನೆ ಸಾಕೆಂದೆ.

ಇದರ ಜೊತೆಗೆ ಇನ್ನೊಂದು ವಿಷಯವಿತ್ತು. ಅಮ್ಮನಿಗೆ ಆಗ ಎಂಬತ್ತೊಂದು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಒಬ್ಬರೇ ಇದ್ದರು. ತಮ್ಮ ದೂರದ ಊರಿನಲ್ಲಿ. ಜಂತಿಗಳನ್ನು ಗೆದ್ದಲು ತಿಂದಿತ್ತು. ಎಷ್ಟು ಕರೆದರೂ ಅಮ್ಮ ಬಾಡಿಗೆ ಮನೆಗೆ ಬರಲು ಒಪ್ಪಿರಲಿಲ್ಲ. "ಯಾರದೋ ಮನೆಯಲ್ಲಿ ಸಾಯಲಿಕ್ಕೆ ನನಗಾಗದು" ಎಂದುಬಿಟ್ಟಿದ್ದರು. ನಾನು ಅವರ ಬಳಿ ಕುಳಿತು ನನ್ನ ಹೆಂಚಿನ ಮನೆಯ ವರ್ಣನೆ ಮಾಡಿದೆ. ಎಲ್ಲವನ್ನೂ ಕೇಳಿದ ಅಮ್ಮ ಅಡಕೆ ಕತ್ತರಿಸುತ್ತಲೇ ಹೇಳಿದರು: "ನಿನ್ನ ಇಷ್ಟ ಮಾರಾಯ್ತಿ. ಆದರೆ ನಾನು ಬರುವುದಾದರೆ ತಾರಸಿಯ ಮನೆಗೆ ಬರುತ್ತೇನೆ. ಒಂದು ಮಳೆಗಾಲವಾದರೂ ಮೇಲೆ ನೋಡದೆ ಮಲಗಬೇಕು ನನಗೆ."

ಆ ಮಾತು ಬಹಳ ದಿನ ನನ್ನ ಜೊತೆಗಿತ್ತು. ನನಗೂ ಅಮ್ಮನಿಗೂ ಬೇಕಾದದ್ದು ನಿಜವಾಗಿ ಒಂದೇ, ಸ್ವಲ್ಪ ನೆಮ್ಮದಿ. ನಾನು ಅದನ್ನು ಅವರು ಕಳೆದ ಬದುಕಿನಲ್ಲಿ ಹುಡುಕುತ್ತಿದ್ದೆ. ಅವರು ನಾನು ಬದುಕುತ್ತಿದ್ದ ಬದುಕಿನಲ್ಲಿ.

ದಾರಿ ತೋರಿಸಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕೇರಳದ ವೈದ್ಯೆಯೊಬ್ಬರನ್ನು ಮದುವೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಕಡಿಮೆ ಖರ್ಚಿನ ಮನೆಗಳಿಗಾಗಿಯೇ ಬಾಳು ಸವೆಸಿದವರು. ತಾರಸಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವಿನ ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಇಟ್ಟು ಮೇಲೆ ಕಾಂಕ್ರೀಟು ಸುರಿಯುವ ಪದ್ಧತಿಯನ್ನು ಅವರು ನಮ್ಮಲ್ಲಿ ಬಳಕೆಗೆ ತಂದರು. ಸಿಮೆಂಟು ಉಳಿಯುತ್ತದೆ, ತಾರಸಿಯ ಭಾರ ತಗ್ಗುತ್ತದೆ, ಸೆಖೆಯೂ ಕಡಿಮೆ. ಒಳಗಿನಿಂದ ತಲೆಯೆತ್ತಿದರೆ ಹೆಂಚು ಕಾಣುತ್ತದೆ, ಮೇಲಿನಿಂದ ಹನಿ ನೀರೂ ಇಳಿಯುವುದಿಲ್ಲ. ಈ ಕೆಲಸ ಬಲ್ಲ ಎಂಜಿನಿಯರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟೆ.

ತವರಿನ ಮಾಡು ಇಳಿಸಿದಾಗ ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಹೆಂಚು ಎಣಿಸಿದರು. ಅಳಲಿಲ್ಲ. ಒಡೆದವನ್ನು ಬೇರೆ ರಾಶಿ ಹಾಕಿಸಿದರು. ಗಟ್ಟಿಯಾದವು ಲಾರಿಯಲ್ಲಿ ಪೇಟೆಗೆ ಬಂದವು. ಹೆಚ್ಚಿನವು ಕೋಣೆಗಳ ತಾರಸಿಯೊಳಗೆ ಸೇರಿದವು. ಉಳಿದವನ್ನು ಜಗಲಿಯ ಇಳಿಜಾರು ಮಾಡಿಗೆ ಹೊದಿಸಿದೆವು, ಮಳೆಯ ಸದ್ದಿಗಾಗಿ. ನೆಲಕ್ಕೆ ರೆಡ್ ಆಕ್ಸೈಡು, ಒಂದು ಸಲ ಒರೆಸಿದರೆ ಮುಗಿಯಿತು. ಅಡಿಗೆಮನೆಗೆ ದೊಡ್ಡ ಕಿಟಕಿ, ಕಿಟಕಿಯಾಚೆ ಬಸಳೆ ಚಪ್ಪರ. ಒಬ್ಬಳೇ ಹೆಂಗಸು ಅರ್ಧ ಗಂಟೆಯಲ್ಲಿ ಗುಡಿಸಿ ಮುಗಿಸುವಷ್ಟು ಮನೆ ಇದು. ಮನೆಯ ಅಳತೆಯನ್ನು ಚದರಡಿಯಲ್ಲಿ ಹೇಳುವ ಎಂಜಿನಿಯರಿಗೆ ನಾನು ಕೊಟ್ಟ ಅಳತೆ ಇದೊಂದೇ.

ಅಮ್ಮ ಮೇ ತಿಂಗಳ ಕೊನೆಗೆ ಒಂದು ಟ್ರಂಕು, ಅಡಕೆ ಕತ್ತರಿ, ತುಳಸಿ ಗಿಡದೊಂದಿಗೆ ಬಂದರು. ಜೂನಿನ ಎರಡನೇ ವಾರ ಮೊದಲ ಜೋರು ಮಳೆ ಹೊಡೆಯಿತು. ರಾತ್ರಿ ನಾನೇ ಎರಡು ಸಲ ಎದ್ದು ಅವರ ಕೋಣೆ ಇಣುಕಿದೆ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಬೆಳಿಗ್ಗೆ ಎಂದೂ ಐದಕ್ಕೇ ಏಳುವವರು ಅಂದು ಏಳೂವರೆಗೆ ಎದ್ದರು. "ರಾತ್ರಿ ಮಳೆ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತು ಎಂದೆ. "ಹೌದಾ?" ಎಂದು ಕಾಫಿ ಕೇಳಿ, ಲೋಟ ಹಿಡಿದು ಜಗಲಿಗೆ ಹೋಗಿ ಕುಳಿತರು.

ಎರಡು ಅಂತಸ್ತಿನ ಬಾಡಿಗೆ ನಷ್ಟವಾಯಿತೆಂದು ಮಗ ಈಗಲೂ ಹೇಳುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ರಜೆಗೆ ಬಂದಾಗ ಮಾತ್ರ ಅವನೂ ಮಲಗುವುದು ಜಗಲಿಯಲ್ಲೇ, ಅಜ್ಜಿಯ ಮನೆಯ ಹೆಂಚಿನ ಕೆಳಗೆ.